ಎಲೆ ಕಲಸುತ್ತಿದ್ದ ಕೈ

ಬ್ರಿಸ್ಬೇನಿನಿಂದ ಹಳೆಯ ಗೆಳೆಯ ಪ್ರಸಾದನ ಫೋನು ಬಂದಾಗ ನಾನು ಅಡಿಲೇಡಿನ ಮಾಡ್ಬರಿ ಬಡಾವಣೆಯ ಅಂಗಡಿಯೊಂದರಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. "ಅಂಕಲ್ ಹೋಗ್ಬಿಟ್ರಂತೆ ಕಣ್ರೀ, ಪರ್ತ್‌ನಲ್ಲಿ. ಹಾರ್ಟು. ನಿದ್ದೇಲೇ ಅಂತೆ," ಎಂದ. ಅವನೇ ಮುಂದುವರಿಸಿದ: "ಏನ್ ಕೈ ರೀ ಅದು! ಅವರ ಥರ ಇಸ್ಪೀಟ್ ಎಲೆ ಕಲಸೋರನ್ನ ನಾನು ಇವತ್ತಿನವರೆಗೂ ನೋಡಿಲ್ಲ."

ಸೊಪ್ಪನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಕಾರಿನಲ್ಲಿ ಕೂತೆ. ಸಾವಿನ ಸುದ್ದಿಗೆ ಅಳು ಬರಬೇಕು. ನನಗೆ ಮೊದಲು ಬಂದದ್ದು ಸಿಟ್ಟು. ಅಳು ಆಮೇಲೆ ಬಂತು, ಮನೆ ಮುಟ್ಟಿ, ಕಾರು ನಿಲ್ಲಿಸಿದ ಮೇಲೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಅವರ ಹೆಸರು ನಮ್ಮ ಕನ್ನಡದವರ ಬಾಯಲ್ಲಿ ಬೇಕಾದಷ್ಟು ಓಡಾಡಿದೆ. ಅಡಿಲೇಡಿನಲ್ಲಿ ನಮಗೆಲ್ಲ ಅವರು ಅಂಕಲ್, ಅವರ ಹೆಂಡತಿ ಆಂಟಿ, ಅಷ್ಟೆ. ಮೈಸೂರಿನವರು. ನಲವತ್ತು ದಾಟಿದ ಮೇಲೆ ಈ ದೇಶಕ್ಕೆ ಬಂದು, ರೈಲ್ವೆ ಸಿಗ್ನಲ್ಲುಗಳ ಕೆಲಸದಲ್ಲಿ ಎಂಜಿನಿಯರಾಗಿದ್ದರು. ಕುಳ್ಳಗೆ, ಸ್ವಲ್ಪ ಹೊಟ್ಟೆ ಬಂದ, ಯಾವ ಗುಂಪಿನಲ್ಲೂ ತಟ್ಟನೆ ಕಣ್ಣಿಗೆ ಬೀಳದ ಮನುಷ್ಯ. ಕಣ್ಣಿಗೆ ಬೀಳುತ್ತಿದ್ದದ್ದು ಕೈ ಮಾತ್ರ. ಉದ್ದ ಬೆರಳುಗಳು, ಒಂದು ಚೂರೂ ಅವಸರವಿಲ್ಲದ ಬೆರಳುಗಳು.

ಅವಸರ ಅನ್ನುವುದು ಆ ಮನುಷ್ಯನ ಮೈಯಲ್ಲೇ ಇರಲಿಲ್ಲ. ನಮ್ಮ ಮಕ್ಕಳೆಲ್ಲ ಕನ್ನಡ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. "ಊಟ ಆಯ್ತಾ ಪುಟ್ಟಿ?" ಎಂದು ಇವರು ಕೇಳಿದರೆ ನನ್ನ ಮಗಳು "ಯಾ, ಅಂಕಲ್" ಅನ್ನುವಳು. ಇವರು ಅಲ್ಲೇ ನಿಂತು, "ಕನ್ನಡದಲ್ಲಿ ಹೇಳು. ನಿಧಾನಕ್ಕೆ ಹೇಳು, ನಾನು ಎಲ್ಲಿಗೂ ಹೋಗ್ಬೇಕಾಗಿಲ್ಲ" ಎಂದು ಕಾಯುವರು. ನಿಜಕ್ಕೂ ಕಾಯುವರು. ಕೊನೆಗೆ ಅವಳು ಸೋತು "ಆಯ್ತು" ಅಂದರೆ, ಏನೋ ಬಹುಮಾನ ಬಂದವರ ಹಾಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸುವರು.

ನನಗೆ ಕಾರು ಕಲಿಸಿದ್ದೂ ಅವರೇ. ನನ್ನ ಗಂಡ ರಘು ಕಲಿಸಲು ಹೊರಟು, ಬ್ಲೇರ್ ಅಥಾಲಿನ ಒಂದು ರೌಂಡ್ ಅಬೌಟಿನಲ್ಲಿ ನಾವಿಬ್ಬರೂ ಮಾತು ಬಿಡುವ ಮಟ್ಟಕ್ಕೆ ಬಂದಾಗ, ಅಂಕಲ್ ತಾವಾಗಿ ಕೀ ಇಸಿದುಕೊಂಡರು. ಭಾನುವಾರ ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲು, ಮಾಡ್ಬರಿಯ ಖಾಲಿ ಪಾರ್ಕಿಂಗಿನಲ್ಲಿ ಪಾಠ. ರಸ್ತೆಗೆ ಇಳಿದ ದಿನ ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಗಿ, ಹಿಂದಿನವನು ಹಾರ್ನ್ ಹೊಡೆದಾಗ ನಾನು ಸ್ಟೀರಿಂಗಿನಿಂದ ಕೈ ತೆಗೆದುಬಿಟ್ಟೆ. "ಹೊಡೆಯೋನು ನಿನ್ನ ಗಂಡ ಅಲ್ಲ, ನಿನ್ನ ಮಾವ ಅಲ್ಲ. ಹೊಡ್ಕೊಳ್ಳಲಿ ಬಿಡು. ನೀನು ಕ್ಲಚ್ ಒತ್ತು," ಎಂದರು. ಇವತ್ತಿಗೂ ಯಾರಾದರೂ ಹಿಂದಿನಿಂದ ಹಾರ್ನ್ ಹೊಡೆದರೆ ನನಗೆ ನಗು ಬರುತ್ತದೆ.

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ರಮ್ಮಿ. ಅಂಕಲ್, ಆಂಟಿ, ಪ್ರಸಾದ, ಅವನ ಹೆಂಡತಿ ಶುಭಾ, ನಾನು. ರಘುವಿಗೆ ಇಸ್ಪೀಟು ಹಿಡಿಸದು, ಅವನು ಕಾಫಿ ಇಲಾಖೆ. ದುಡ್ಡಿನ ಆಟವಲ್ಲ. ಆ ದಿನ ಯಾರಿಗೆ ಪಾಯಿಂಟು ಜಾಸ್ತಿ ಬಿತ್ತೋ ಆ ಮನೆಯವರು ಮುಂದಿನ ಭಾನುವಾರ ಎಲ್ಲರಿಗೂ ತಿಂಡಿ ತರಬೇಕು, ಇಷ್ಟೇ ಶಿಕ್ಷೆ. ಎಲೆ ಕಲಸುವುದು ಮಾತ್ರ ಯಾವತ್ತೂ ಅಂಕಲ್. ನಮಗೆ ಬರುವುದಿಲ್ಲ ಎಂದಲ್ಲ. ಅವರು ಕಲಸುವುದನ್ನು ನೋಡಿದ ಮೇಲೆ ನಮ್ಮದು ಹಿಟ್ಟು ಕಲಸಿದಂತೆ ನಮಗೇ ಕಾಣುತ್ತಿತ್ತು.

ಮೊದಲು ಪ್ಯಾಂಟಿನ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದು, ಹಳೆಯ ಬನಿಯನ್ ಬಟ್ಟೆಗೆ ಮುಖದ ಪೌಡರು ಉದುರಿಸಿ, ಎರಡು ಕಟ್ಟು ಎಲೆಗಳನ್ನೂ ಒರೆಸುವರು. ಆಮೇಲೆ ಎರಡು ಭಾಗ ಮಾಡಿ, ಹೆಬ್ಬೆರಳಿನಲ್ಲಿ ತುದಿ ಬಗ್ಗಿಸಿ, ಒಂದರೊಳಗೊಂದು ಬೀಳಿಸಿ, ಕಮಾನು ಮಾಡಿ ಬಿಡುವರು. ಬುರ್ರ್ ಎಂದು ಎಲೆಗಳು ಕೂಡಿಕೊಳ್ಳುವವು. ಅಷ್ಟು ಹೊತ್ತೂ ಕೈಯ ಕಡೆ ನೋಡುತ್ತಲೇ ಇರಲಿಲ್ಲ. ಎದುರಿನವರ ಮುಖ ನೋಡಿ, "ನಿಮ್ಮಪ್ಪನ ಬಿಪಿ ಹೇಗಿದೆ?" "ಆ ಮ್ಯಾನೇಜರ್ ಇನ್ನೂ ಕಾಟ ಕೊಡ್ತಿದಾನಾ?" ಎಂದು ವಿಚಾರಿಸುತ್ತ ಕಲಸುವರು. ನಮ್ಮ ವಾರದ ಕಷ್ಟಸುಖವೆಲ್ಲ ಆ ಬುರ್ರ್ ಸದ್ದಿನ ನಡುವೆಯೇ ಹೊರಗೆ ಬರುತ್ತಿತ್ತು.

ಕೈ ನೋಡದೆ ಕಲಸುತ್ತಾರೆ ಎಂಬುದೇ ಮೊದಲು ಅನುಮಾನಕ್ಕೆ ಕಾರಣವಾಯಿತು.

ಒಂದು ಚಳಿಗಾಲ ಅಂಕಲ್‌ಗೆ ಎಲೆ ಒಲಿದು ಬಂದಿತ್ತು. ಯಾರಿಗಾದರೂ ಒಮ್ಮೊಮ್ಮೆ ಹಾಗಾಗುತ್ತದೆ, ಕೂತಲ್ಲೆಲ್ಲ ಗೆಲ್ಲುವುದು. ಅದೇ ಚಳಿಗಾಲ ಪ್ರಸಾದನಿಗೆ ಎಲ್ಲ ಕಡೆಯೂ ಸೋಲು. ಕೆಲಸದಲ್ಲಿ ಬರಬೇಕಾದ ಬಡ್ತಿ ಬೇರೆಯವನಿಗೆ ಹೋಗಿತ್ತು, ಭಾನುವಾರ ಇಲ್ಲಿಯೂ ಸೋತು ತಿಂಡಿ ಹೊರಬೇಕು. ಒಂದು ದಿನ ಅಂಕಲ್ ಹೊರಟುಹೋದ ಮೇಲೆ ಶೂ ಹಾಕಿಕೊಳ್ಳುತ್ತ, "ಅಂಕಲ್ ಕೈ ಬಹಳ ಚುರುಕು, ಅಲ್ವಾ?" ಎಂದ. ಹೊಗಳಿಕೆ ಎಂದೇ ನಾನು ತಲೆಯಾಡಿಸಿದೆ. ಇನ್ನೊಂದು ವಾರ, "ಪೌಡರ್ ಯಾಕ್ ರೀ ಹಚ್ತಾರೆ? ಎಲೆ ಮೇಲೆ ಏನಾದ್ರೂ ಗುರುತು ಕೂರುತ್ತಾ?" ಎಂದ. ಶುಭಾ "ಸುಮ್ನಿರಿ" ಅಂದಳು. ಅವಳು ಸುಮ್ಮನಿರಿ ಎಂದ ರೀತಿಯಲ್ಲೇ ಅವರ ಮನೆಯಲ್ಲಿ ಈ ಮಾತು ಬೇಕಾದಷ್ಟು ಸಲ ಆಗಿದೆ ಎಂದು ಗೊತ್ತಾಯಿತು. ನಾನು ಅಲ್ಲೇ ಜಗಳ ತೆಗೆದೆ. "ಹಾಗೆಲ್ಲ ಹೇಳಿಲ್ಲಮ್ಮ ನಾನು, ತಮಾಷೆಗೆ ಅಂದೆ," ಎಂದು ನಕ್ಕುಬಿಟ್ಟ. ಆದರೆ ಆ ತಮಾಷೆ ಬೇರೆ ಮನೆಗಳಿಗೂ ಹೋಯಿತು. ಯುಗಾದಿಯ ಸಂತರ್ಪಣೆಯಲ್ಲಿ ಯಾರೋ ಒಬ್ಬರು ಅಂಕಲ್ ಬೆನ್ನು ತಟ್ಟಿ, "ಏನ್ ಸಾರ್, ಕೈಚಳಕವಂತೆ!" ಅಂದರು. ಅಂಕಲ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅದಾದ ಮೇಲಿನ ಭಾನುವಾರ ಪ್ರಸಾದ ಒಂದು ಡಬ್ಬ ಹಿಡಿದು ಬಂದ. ಒಳಗಿದ್ದದ್ದು ಬ್ಯಾಟರಿಯ ಮೇಲೆ ಓಡುವ ಎಲೆ ಕಲಸುವ ಮೆಷಿನ್ನು. ಎಡಕ್ಕೊಂದು ಬಲಕ್ಕೊಂದು ತಟ್ಟೆ; ಎರಡಕ್ಕೂ ಅರ್ಧರ್ಧ ಎಲೆ ಇಟ್ಟು ಗುಂಡಿ ಒತ್ತಿದರೆ ರಬ್ಬರಿನ ಗಾಲಿಗಳು ತಿರುಗಿ, ಎಲೆಗಳನ್ನು ನಡುವಿನ ಗೂಡಿಗೆ ತಳ್ಳುತ್ತವೆ. "ಅಂಕಲ್‌ಗೆ ಪಾಪ ಪ್ರತಿ ವಾರ ಕೈ ನೋವು. ಇನ್ನು ಆರಾಮಾಗಿ ಕೂತ್ಕೊಳ್ಲಿ ಅಂತ ತಂದೆ," ಎಂದ.

ಕೈ ನೋವು ಎಂದು ಅಂಕಲ್ ಯಾವತ್ತೂ ಹೇಳಿದವರಲ್ಲ. ಟೇಬಲ್ಲಿನ ಸುತ್ತ ಇದ್ದ ಒಬ್ಬೊಬ್ಬರಿಗೂ ಆ ಡಬ್ಬದ ಅರ್ಥ ಗೊತ್ತಿತ್ತು. ಆಂಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಗಂಡನ ಕಡೆ ನೋಡಿದರು. ಅಂಕಲ್ ಆಗಲೇ ಹೊರಗೆ ತೆಗೆದಿದ್ದ ಪೌಡರು ಡಬ್ಬಿಯನ್ನು ಮತ್ತೆ ಜೇಬಿಗಿಟ್ಟು, ಎಲೆಗಳ ಕಟ್ಟನ್ನು ಪ್ರಸಾದನ ಕಡೆಗೆ ಸರಿಸಿದರು. "ಒಳ್ಳೇದಾಯ್ತಪ್ಪ," ಎಂದರು. ಮೆಷಿನ್ನು ಟರ್ರ್ ಎಂದು ಕೂಗಿತು. ಅದರ ಸದ್ದಿನಲ್ಲಿ ಯಾರ ಅಪ್ಪನ ಬಿಪಿಯನ್ನೂ ಯಾರೂ ವಿಚಾರಿಸಲಿಲ್ಲ.

ಆಮೇಲಿನ ಭಾನುವಾರಗಳೇ ಬೇರೆ. ಅಲ್ಲಿ ನಡೆಯುತ್ತಿದ್ದದ್ದು ಆಟವಲ್ಲ, ಅಗ್ನಿಪರೀಕ್ಷೆ. ಮೆಷಿನ್ನು ಕಲಸಿದ ಮೇಲೂ ಅಂಕಲ್ ಗೆಲ್ಲುತ್ತಾರೋ ಇಲ್ಲವೋ? ಪ್ರತಿಯೊಬ್ಬರೂ ತಮ್ಮ ಎಲೆಗಿಂತ ಹೆಚ್ಚಾಗಿ ಅವರ ಮುಖ ನೋಡುತ್ತಿದ್ದರು. ನಾನಂತೂ ಅವರು ಗೆಲ್ಲಲಿ ಎಂದು ನನ್ನ ಕುಲದೇವರಿಗೆ ಹೇಳಿಕೊಳ್ಳುತ್ತಿದ್ದೆ. ರಮ್ಮಿಗೆ ದೇವರನ್ನು ಕರೆದವಳು ಬಹುಶಃ ನಾನೊಬ್ಬಳೇ.

ಅವರು ಸೋತರು. ಮುಂದಿನ ವಾರವೂ ಸೋತರು, ಅದರ ಮುಂದಿನ ವಾರವೂ. ಪಾಯಿಂಟು ಬರೆಯುವಾಗ ಪ್ರಸಾದ ಶುಭಾಳ ಕಡೆ ಒಂದು ನೋಟ ಹಾಯಿಸುವನು, ಅಷ್ಟೆ. ಸೋತ ಮನೆಯ ತಿಂಡಿ ಎಂದು ಆಂಟಿ ವಾರವಾರವೂ ಬೋಂಡ, ಆಂಬೊಡೆ, ಮದ್ದೂರು ವಡೆ ಕರಿದು ತರುವರು. ಡಬ್ಬಿ ತೆರೆದು ಎಲ್ಲರ ಮುಂದೆ ಇಟ್ಟು, ತಾವು ಮಾತ್ರ ಒಂದನ್ನೂ ಮುಟ್ಟುತ್ತಿರಲಿಲ್ಲ. ನಾವು ನಾಚಿಕೆಯಿಲ್ಲದೆ ತಿಂದೆವು, ಎಣ್ಣೆ ಬೆರಳಿನಲ್ಲೇ ಎಲೆ ಹಿಡಿದೆವು.

ನಾನು ಅಂಕಲ್ ಪಕ್ಕದಲ್ಲಿ ಕೂರುತ್ತಿದ್ದೆ. ಅವರು ಬಿಟ್ಟ ಎಲೆ ಬೇಕಾದರೆ ಮೊದಲು ಎತ್ತಿಕೊಳ್ಳುವ ಹಕ್ಕು ನನ್ನದು. ಒಂದು ಮಧ್ಯಾಹ್ನ ಅವರು ಆಟಿನ್ ಜಾತಿಯ ಎಂಟು ಬಿಟ್ಟರು. ಮುಂದಿನ ಸುತ್ತಿನಲ್ಲಿ ಆಟಿನ್ ಒಂಬತ್ತು. ಅದರ ಮುಂದಿನ ಸುತ್ತಿನಲ್ಲಿ ಆಟಿನ್ ಹತ್ತು. ರಮ್ಮಿ ಆಡಿ ಗೊತ್ತಿರುವ ಯಾರಿಗಾದರೂ ಇದು ಗೊತ್ತು: ಒಂದೇ ಜಾತಿಯ ಮೂರು ಎಲೆ ಸಾಲಾಗಿ ಸಿಗಲಿ ಎಂದೇ ನಾವೆಲ್ಲ ಬಾಯಿಬಿಟ್ಟುಕೊಂಡು ಕೂತಿರುತ್ತೇವೆ. ಕೈಯಲ್ಲಿ ಇರುವ ಸಾಲನ್ನು ಬುದ್ಧಿ ನೆಟ್ಟಗಿರುವ ಯಾರೂ ಒಡೆಯುವುದಿಲ್ಲ.

ಆಟ ಮುಗಿದು ಅವರು ಲೋಟ ಇಡಲು ಅಡುಗೆಮನೆಗೆ ಬಂದಾಗ ಹಿಂದೆಯೇ ಹೋದೆ.

"ಅಂಕಲ್, ಮೂರೂ ಎಲೆ ನಿಮ್ಮ ಹತ್ರ ಒಟ್ಟಿಗೇ ಇತ್ತು. ಯಾಕ್ ಬಿಟ್ರಿ?"

"ನಿನ್ನ ಎಲೆ ನೋಡ್ಕೊಂಡು ಆಡಮ್ಮ ನೀನು."

"ಯಾಕ್ ಬಿಟ್ರಿ ಹೇಳಿ."

ನಲ್ಲಿ ತಿರುಗಿಸಿ ಲೋಟ ತೊಳೆಯತೊಡಗಿದರು. ಹೊರಗಿನವರಿಗೆ ಮಾತು ಕೇಳದಿರಲಿ ಎಂದು. "ಎಲೆ ಕೈಗೆ ಬಂದಾಗ್ಲೇ ನನ್ನ ಆಟ ಮುಗಿದಂಗೇ ಇತ್ತು. ಒಂದೇ ಒಂದು ಎಲೆ ಸಾಕಿತ್ತು. ಮೊದಲ್ನೇ ಸುತ್ತಲ್ಲೇ ಎಲೆ ಹರಡಿ ಶೋ ಮಾಡಿದ್ರೆ ಪ್ರಸಾದ್ ಏನಂತಿದ್ದ?"

"ಏನಂತಾನೆ? ಕಲಸಿದ್ದು ಮೆಷಿನ್ನು. ನಿಮ್ಮ ಕೈಯೇ ತಾಗಿಲ್ವಲ್ಲ!"

"ಮೆಷಿನ್ ಕಲಸ್ತಾನೇ ಇಲ್ಲಮ್ಮ. ಹಿಂದಿನ ಆಟದಲ್ಲಿ ನೀನು ಶೋ ಮಾಡಿದ್ಯಲ್ಲ, ಅದೇ ಎಂಟು ಒಂಬತ್ತು ಹತ್ತು ಹಾಗ್ಹಾಗೇ ನನ್ನ ಕೈಗೆ ಬಂತು. ಎಣ್ಣೆಗೆ ಎಲೆ ಒಂದಕ್ಕೊಂದು ಅಂಟ್ಕೊಂಡಿವೆ. ಗಾಲಿ ಒಂದೊಂದಾಗಿ ಎಳೆಯಲ್ಲ, ಕಂತೆ ಕಂತೆ ತಳ್ಳುತ್ತೆ. ನಾವು ಬೇರೆ ಬೇಗ ಆಗ್ಲಿ ಅಂತ ಮೂರು ಮೂರಾಗಿ ಹಂಚ್ತೀವಿ. ಮೂರರ ಸಾಲು ಮುರೀದೇ ಒಬ್ಬರ ಕೈ ಸೇರುತ್ತೆ."

ಪೌಡರು ಯಾಕೆ ಎಂದು ನನಗೆ ಆಗ ಹೊಳೆಯಿತು. "ಮತ್ತೆ ಹೇಳೋದ್ ತಾನೆ ಎಲ್ರಿಗೂ!"

"ನಾನು ಹೇಳಿದ್ರೆ ನೆಪ ಅಂತಾರೆ. ನೀನು ಹೇಳಿದ್ರೆ ಅಂಕಲ್ ಪರ ವಕಾಲತ್ತು ಅಂತಾರೆ."

"ಹಾಗಾದ್ರೆ ಬರೋದೇ ಬಿಟ್ಬಿಡಿ. ಯಾಕೆ ಪ್ರತಿ ವಾರ ಬಂದು ಸೋಲ್ತೀರಿ? ಆಂಟಿ ಮುಖ ನೋಡಕ್ಕಾಗಲ್ಲ ನನಗೆ."

ಅವರು ಲೋಟ ಬೋರಲು ಹಾಕಿ, ಕೈ ಒರೆಸಿಕೊಂಡು, ಮೆತ್ತಗೆ ಹೇಳಿದರು: "ಬರೋದು ಬಿಟ್ರೆ ಒಪ್ಕೊಂಡಂಗೆ."

ಆ ವಾರವಿಡೀ ನನಗೆ ಆಫೀಸಿನಲ್ಲೂ ಅದೇ ಯೋಚನೆ. ಗೆದ್ದರೆ ಮೆಷಿನ್ನಿಗೂ ಮೋಸ ಮಾಡಿದ ಅನ್ನುತ್ತಾರೆ, ಸೋತರೆ ಮೊದಲು ಮೋಸ ಮಾಡುತ್ತಿದ್ದ ಅನ್ನುತ್ತಾರೆ, ಬರದಿದ್ದರೆ ಸಿಕ್ಕಿಬಿದ್ದ ಅನ್ನುತ್ತಾರೆ. ರಘುವಿಗೆ ಹೇಳಿದೆ. "ನೀನು ಮಧ್ಯೆ ಹೋಗ್ಬೇಡ, ಇರೋ ನಾಲ್ಕು ಜನಾನೂ ದೂರ ಆಗ್ತಾರೆ," ಎಂದ. ಅವನು ಹೇಳಿದ್ದು ಸುಳ್ಳಲ್ಲ. ಈ ಊರಿನಲ್ಲಿ ಜ್ವರ ಬಂದರೆ ಗಂಜಿ ತರುವವರೂ ಅವರೇ, ಏರ್‌ಪೋರ್ಟಿಗೆ ಬಿಡುವವರೂ ಅವರೇ. ಆದರೆ ನನಗೆ ಮೂಗಿನ ತುದಿಯಲ್ಲಿ ಕೋಪ ಇಟ್ಟು ಕಳಿಸಿದ್ದಾನೆ ದೇವರು.

ಮುಂದಿನ ಭಾನುವಾರ ಮೊದಲ ಆಟವನ್ನು ಶುಭಾ ಗೆದ್ದಳು. ಕಳಾವರಿನ ನಾಲ್ಕು ಐದು ಆರು, ಡೈಮಂಡಿನ ಗುಲಾಮ ರಾಣಿ ರಾಜ, ಎಲ್ಲ ಸಾಲಾಗಿ ಟೇಬಲ್ಲಿನ ಮೇಲೆ ಹರಡಿದ್ದಳು. "ಎಲ್ರೂ ಈ ಎಲೆ ನೋಡ್ಕೊಳಿ," ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ನನ್ನ ದನಿ ಹಾಗಿತ್ತು. ಪ್ರಸಾದ ಎಂದಿನಂತೆ ಎಲ್ಲವನ್ನೂ ಬಳಿದು, ಮೆಷಿನ್ನಿನ ಎರಡೂ ಕಡೆ ಇಟ್ಟು, ಗುಂಡಿ ಒತ್ತಿದ. ಟೇಬಲ್ಲಿನ ಕೆಳಗಿನಿಂದ ಅಂಕಲ್ ನನ್ನ ಮಣಿಕಟ್ಟು ಹಿಡಿದು, "ಬೇಡಮ್ಮ," ಎಂದರು. ಅವರ ಭಯ ನನಗೂ ಗೊತ್ತಿತ್ತು. ಇದೊಂದು ಸಲ ಮೆಷಿನ್ನು ಸರಿಯಾಗಿ ಕಲಸಿಬಿಟ್ಟರೆ ಮುಗಿಯಿತು. ಆಮೇಲೆ ಅವರ ಪರವಾಗಿ ಯಾರು ಬಾಯಿ ತೆರೆದರೂ ಉಪಯೋಗವಿಲ್ಲ.

ಕೈ ಬಿಡಿಸಿಕೊಂಡು ಎದ್ದು, ಗೂಡಿನಿಂದ ಎಲೆಗಳನ್ನು ತೆಗೆದು, ಮುಖ ಮೇಲಾಗಿ ಉದ್ದಕ್ಕೆ ಹರಡಿದೆ. ಮೊದಲು ಬರೀ ಚಿಲ್ಲರೆ ಎಲೆಗಳು, ಚೆನ್ನಾಗಿ ಬೆರೆತವು. ಇನ್ನೂ ಸರಿಸಿದೆ. ಕಳಾವರಿನ ನಾಲ್ಕು, ಐದು, ಆರು. ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಮಲಗಿದ್ದವು. ಇನ್ನೂ ಸ್ವಲ್ಪ ಮುಂದೆ ಡೈಮಂಡಿನ ಗುಲಾಮ, ರಾಣಿ, ರಾಜ.

"ಬ್ಯಾಟರಿ ವೀಕ್ ಆಗಿರ್ಬೇಕು," ಎಂದ ಪ್ರಸಾದ. ರಘು ಒಳಗಿನಿಂದ ಹೊಸ ಬ್ಯಾಟರಿ ತಂದುಕೊಟ್ಟ. ಮತ್ತೆ ಓಡಿಸಿದರು. ಮತ್ತೆ ಕಂತೆ ಕಂತೆಯೇ. ಶುಭಾ ಒಂದು ಜೊತೆ ಎಲೆ ಕೈಗೆತ್ತಿಕೊಂಡು ಉಗುರಿನಿಂದ ಬಿಡಿಸಿದಳು. "ಎಣ್ಣೆ ಜಿಡ್ಡು ರೀ. ಅದಕ್ಕೇ ಅಂಕಲ್ ಪೌಡರ್ ಹಚ್..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಪ್ರಸಾದನ ಕಿವಿಗಳು ಕೆಂಪಾದವು.

ಅವನು ಕ್ಷಮೆ ಕೇಳುತ್ತಾನೆ ಎಂದು ನಾನು ಕಾದೆ. ಅವನೂ ಬಾಯಿ ತೆರೆದ, ಮುಚ್ಚಿದ. ಆಗ ನನಗೆ ಅರ್ಥವಾಯಿತು: ಅವನು ಯಾವತ್ತೂ ಅವರ ಎದುರಿಗೆ ಏನೂ ಹೇಳಿರಲೇ ಇಲ್ಲ. ಬಾಯಿಬಿಟ್ಟು ಹೊರಿಸದ ಕಳ್ಳತನಕ್ಕೆ ಬಾಯಿಬಿಟ್ಟು ಕ್ಷಮೆ ಕೇಳುವುದು ಹೇಗೆ? ಕೇಳಿದರೆ ಹೊರಿಸಿದ್ದನ್ನು ಒಪ್ಪಿಕೊಳ್ಳಬೇಕು. ಅವನು ಎಲೆಗಳನ್ನೆಲ್ಲ ಒಟ್ಟು ಮಾಡಿ, ಎರಡೂ ಕೈಯಲ್ಲಿ ಎತ್ತಿ ಅಂಕಲ್ ಮುಂದಿಟ್ಟ. "ನೀವೇ ಕಲಸಿ ಅಂಕಲ್. ಮೊದಲಿನ ಥರ."

ಅದು ಅವನಿಂದ ಆಗುವಷ್ಟು ದೊಡ್ಡ ಕ್ಷಮೆ ಎಂದು ಇವತ್ತು ಒಪ್ಪುತ್ತೇನೆ. ಆವತ್ತು ನಾನು ಅಂಕಲ್ ಕೈಗಳನ್ನೇ ನೋಡುತ್ತಿದ್ದೆ. ಅವು ತೊಡೆಯ ಮೇಲೇ ಇದ್ದವು, ಮೇಲೆ ಬರಲಿಲ್ಲ. "ಮೆಷಿನ್ನೇ ಇರಲಿ ಪ್ರಸಾದ್," ಎಂದರು. ಜೇಬಿನಿಂದ ಪೌಡರು ಡಬ್ಬಿ ತೆಗೆದು ಶುಭಾಳಿಗೆ ಕೊಟ್ಟರು. "ನೀನು ಒರೆಸಿ ಹಾಕಮ್ಮ. ಚೆನ್ನಾಗಿ ಕಲಸುತ್ತೆ ಅದು." ಆಂಟಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಅಲ್ಲಿಂದ ಮುಂದೆ ಅವರು ಮತ್ತೆ ಗೆದ್ದರು, ಸೋತರು, ಎಲ್ಲರ ಹಾಗೆ. ಮುಂದಿನ ವರ್ಷದ ಯುಗಾದಿ ಊಟದಲ್ಲಿ ಪ್ರಸಾದನೇ ಅವರ ಪಕ್ಕದಲ್ಲಿ ತಟ್ಟೆ ಹಿಡಿದು ಕೂತು, ನಾಲ್ಕು ಜನಕ್ಕೆ ಕೇಳುವಂತೆ ಅವರನ್ನು ಹೊಗಳಿದ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಹೋಗಿತ್ತು. ಆದರೆ ಅಂಕಲ್ ಮತ್ತೆಂದೂ ಇಸ್ಪೀಟಿನ ಕಟ್ಟನ್ನು ಮುಟ್ಟಲಿಲ್ಲ. ಹಂಚುವ ಸರದಿ ಬಂದರೂ, "ನೀನೇ ಹಾಕ್ಬಿಡಮ್ಮ," ಎಂದು ನನ್ನ ಕಡೆ ತಳ್ಳುವರು. ಆಮೇಲೆ ಪ್ರಸಾದನಿಗೆ ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿ ಅಲ್ಲಿನ ಫಾರೆಸ್ಟ್ ಲೇಕ್‌ನಲ್ಲಿ ಮನೆ ಮಾಡಿದ. ಅಂಕಲ್ ಆಂಟಿ ಮಗನಿದ್ದ ಪರ್ತ್‌ಗೆ ಹೋದರು. ನಮ್ಮ ಭಾನುವಾರಗಳು ತಾವಾಗಿ ನಿಂತುಹೋದವು.

ನಾನು ಅವರನ್ನು ಕೊನೆಯ ಬಾರಿ ಕಂಡದ್ದು ಪರ್ತ್‌ನಲ್ಲಿ. ಆಫೀಸಿನ ಕೆಲಸಕ್ಕೆ ಹೋದವಳು ಶನಿವಾರ ಉಳಿದು ಅವರ ಮನೆಗೆ ಹೋದೆ. "ಸರಿಯಾದ ಹೊತ್ತಿಗೆ ಬಂದ್ಯಲ್ಲ, ನಡಿ, ಪಕ್ಕದ ಬೀದೀಲಿ ರಮ್ಮಿ ಇದೆ," ಎಂದು ಕರೆದುಕೊಂಡು ಹೊರಟರು. ಸ್ವಲ್ಪ ಇಳಿದಿದ್ದರು, ಆದರೂ ನಡಿಗೆಯಲ್ಲಿ ಅದೇ ನಿಧಾನ. ಹೆಗಲಿಗೆ ಒಂದು ಬಟ್ಟೆಯ ಚೀಲ. ಆ ಮನೆಯಲ್ಲಿ ಹೊಸದಾಗಿ ಬಂದ ಕನ್ನಡದ ಹುಡುಗ ಹುಡುಗಿಯರು, ನಾವು ಅಡಿಲೇಡಿಗೆ ಬಂದಾಗ ಹೇಗಿದ್ದೆವೋ ಹಾಗೆ. ಎಲ್ಲರೂ ಟೇಬಲ್ಲಿನ ಸುತ್ತ ಕೂತ ಮೇಲೆ ಅಂಕಲ್ ಚೀಲದಿಂದ ಒಂದು ಮೆಷಿನ್ನು ತೆಗೆದು ನಡುವೆ ಇಟ್ಟರು. ಅವರದೇ, ಹೊಸತು.

ನನ್ನ ಮುಖ ನೋಡಿ ಪಕ್ಕದ ಹುಡುಗಿ ನಕ್ಕಳು. "ಅಂಕಲ್‌ಗೆ ಎಲೆ ಕಲಸೋಕೇ ಬರಲ್ಲ ಅಕ್ಕ! ಎಲ್ಲಿಗೆ ಹೋದ್ರೂ ಇದನ್ನ ಹೊತ್ಕೊಂಡ್ ಬರ್ತಾರೆ. ನಾವು ಕಲಿಸ್ಕೊಡ್ತೀವಿ ಅಂದ್ರೂ ಕೇಳಲ್ಲ."

ಎಲ್ಲರೂ ನಕ್ಕರು. ಆಂಟಿ ನೀರು ತರುತ್ತೇನೆಂದು ಎದ್ದುಹೋದರು. ನನ್ನ ನಾಲಿಗೆಯ ತುದಿಯವರೆಗೂ ಮಾತು ಬಂದಿತ್ತು. ಅಂಕಲ್ ನನ್ನನ್ನೇ ನೋಡುತ್ತಿದ್ದರು, ಅಡುಗೆಮನೆಯಲ್ಲಿ ನಲ್ಲಿ ತಿರುಗಿಸುವಾಗ ಇದ್ದಂಥದೇ ಮುಖ. ಆಮೇಲೆ ಆ ಹುಡುಗಿಯ ಕಡೆ ತಿರುಗಿ, "ಈ ವಯಸ್ಸಲ್ಲಿ ಇನ್ನೇನು ಕಲಿಯೋದಮ್ಮ," ಎಂದು ಗುಂಡಿ ಒತ್ತಿದರು.

ಆ ಆಟವನ್ನು ಅವರು ಎರಡನೇ ಸುತ್ತಿನಲ್ಲೇ ಶೋ ಮಾಡಿದರು. "ಏನ್ ಲಕ್ ಅಂಕಲ್ ನಿಮ್ದು!" ಎಂದು ಹುಡುಗರು ಕೂಗಾಡಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಂಕಲ್ ಬಾಯ್ತುಂಬ ನಗುತ್ತಿದ್ದರು. ಅಷ್ಟು ನಿರಾಳವಾಗಿ ಅವರು ಗೆದ್ದದ್ದನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡು ನನ್ನ ಎಲೆಗಳನ್ನು ಕೆಳಗಿಟ್ಟೆ.